ಮಗಳು ಡಾಕ್ಟರಿಗೆ ಹೇಳಿದ ಮಾತು

"ಗಾಳೆಪ್ಪನವರೇ, ಹೋದ ವರ್ಷ ಕುರುಗೋಡು ಬಸ್ಸಿನಲ್ಲಿ ಏನು ಮಾಡಿದಿರಿ? ಕೋರ್ಟಿಗೆ ಹೇಳುತ್ತೀರಾ?"

ಕಟಕಟೆಯಲ್ಲಿ ನಿಂತಿದ್ದ ಮುದುಕ ಕನ್ನಡಕ ಸರಿಮಾಡಿಕೊಂಡ. "ಬಸ್ಸಿನ್ಯಾಗ ಏನು ಮಾಡ್ತಾರ್ರಿ? ಕುಂತಿರ್ತೀನಿ."

"ಕುಂತಿರಲಿಲ್ಲ. ಎದ್ದು, ಸೀಟಿನಿಂದ ಸೀಟಿಗೆ ಹೋಗಿ, ಟಿಕೆಟ್ ಟಿಕೆಟ್ ಅಂತ ಮಂದಿಯ ಮುಂದೆ ಕೈ ಚಾಚಿದಿರಿ. ಅಷ್ಟೊತ್ತಿಗೆ ನೀವು ಕಂಡಕ್ಟರ್ ಕೆಲಸದಿಂದ ರಿಟೈರಾಗಿ ಎಷ್ಟೋ ವರ್ಷವಾಗಿತ್ತು. ಆ ಬಸ್ಸಿಗೆ ಬೇರೆ ಕಂಡಕ್ಟರ್ ಇದ್ದ. ಹೌದೋ ಅಲ್ಲವೋ?"

ಬಳ್ಳಾರಿಯ ಆ ಕೋರ್ಟ್ ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆರೋಪಿಯ ವಕೀಲ ಪಕ್ಕೀರಪ್ಪ ಒಂದು ಹೆಜ್ಜೆ ಮುಂದೆ ಬಂದ. "ಸಿರುಗುಪ್ಪದ ರೈಸ್ ಮಿಲ್ ಮಾಲೀಕ ರಂಗಣ್ಣನ ಕೊಲೆಯಾದ ಸಂಜೆ, ಅಳಿಯ ಕೆಲಸ ಮಾಡುವ ಆ ಊರಿಗೆ ಹೋಗಿದ್ದೆ, ಮಿಲ್ಲಿನ ಹಿಂಬಾಗಿಲಿನಿಂದ ಎರ್ರಿಸ್ವಾಮಿ ಓಡಿಹೋಗಿದ್ದನ್ನು ನೋಡಿದೆ ಅಂತೀರಿ. ನಿಮ್ಮ ಆ ಒಂದು ಮಾತಿಗೆ ಮೂಟೆ ಹೊರುವ ಒಬ್ಬ ಹಮಾಲ ಜೈಲು ಸೇರಿದ್ದಾನೆ. ಈಗ ಹೇಳಿ. ನಿಮ್ಮ ಸ್ವಂತ ಮಗಳೇ ಡಾಕ್ಟರ ಹತ್ತಿರ ಹೋಗಿ, ನಮ್ಮಪ್ಪನಿಗೆ ಮರೆವು ಬಂದಿದೆ ಅಂತ ಕಣ್ಣೀರು ಹಾಕಿದ್ದು ನಿಮಗೆ ಗೊತ್ತೇ?"

ಸರ್ಕಾರಿ ವಕೀಲರು ಆಕ್ಷೇಪಿಸುತ್ತ ಎದ್ದರು. ಆದರೆ ಆಡಿದ ಮಾತು ಆಗಲೇ ಎಲ್ಲರ ಕಿವಿಗೂ ಬಿದ್ದಿತ್ತು.

ಇನ್ಸ್‌ಪೆಕ್ಟರ್ ವಿಜಯಲಕ್ಷ್ಮಿ, ಈ ಕೇಸಿನ ತನಿಖೆ ಮಾಡಿದವಳು, ಹಿಂದಿನ ಬೆಂಚಿನತ್ತ ತಿರುಗಿದಳು. ಗಾಳೆಪ್ಪನ ಮಗಳು ಶಶಿರೇಖಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಪಕ್ಕದಲ್ಲಿ ಅವಳ ಗಂಡ ಪರಶು. ಸಿರುಗುಪ್ಪದಲ್ಲಿ ಭತ್ತದ ದಲ್ಲಾಳಿ. ಹೆಂಡತಿಯ ಭುಜದ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದ.

ಗಾಳೆಪ್ಪ ಮಗಳನ್ನು ಒಮ್ಮೆ ನೋಡಿದ. ಆಮೇಲೆ ಜಡ್ಜ್ ಸಾಹೇಬರಿಗೆ ಕೈ ಮುಗಿದ.

"ಖರೇ ಐತ್ರಿ. ನನಗ ಮರವು ಐತಿ."

ಹಾಗೆಂದವನು, ತಲೆ ಮೇಲಿನ ಮೂಟೆ ಇಳಿಸಿದವನಂತೆ ಉಸಿರು ಬಿಟ್ಟ. ಅದು ಅವಮಾನದ ಉಸಿರೆಂದೇ ವಿಜಯಲಕ್ಷ್ಮಿ ತಿಳಿದುಕೊಂಡಳು.

*

ಹೊರಗಿನ ಬೇವಿನ ಮರದ ಕೆಳಗೆ ಎರ್ರಿಸ್ವಾಮಿಯ ಹೆಂಡತಿ ಭಾಗ್ಯ ಕೂಸನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ವಿಜಯಲಕ್ಷ್ಮಿಯನ್ನು ಕಂಡು ಎರಡು ಹೆಜ್ಜೆ ಬಂದಳು.

"ಮೇಡಂ, ಈಗರ ಬಿಡ್ತೀರೇನ್ರಿ ಅವರನ್ನ?"

ವಿಜಯಲಕ್ಷ್ಮಿಗೆ ತಲೆ ಎತ್ತಲಾಗಲಿಲ್ಲ. "ನೋಡ್ತೀನವ್ವ" ಎಂದು ಮುಂದೆ ಹೋದಳು. ಆ 'ನೋಡ್ತೀನಿ' ತನಗೇ ಹೇಸಿಗೆ ಅನ್ನಿಸಿತು.

ಪರಶು ಒಂದು ನೀರಿನ ಬಾಟಲಿ ಹಿಡಿದು ಎದುರಾದ. "ಮೇಡಂ, ಮೊದಲು ಆ ಡಾಕ್ಟರ ಮ್ಯಾಲ ಕೇಸ್ ಹಾಕ್ರಿ. ನಂಬಿ ಹೇಳಿದ್ದನ್ನ ಬಜಾರಿಗೆ ತಂದಾನಲ್ಲ! ನಮ್ಮ ಮಾವ ಎಂಥಾ ಮನಷ್ಯಾ... ಈಗ ಎಲ್ಲಿಗೆ ಹೋದ್ನೋ ಗೊತ್ತಿಲ್ಲ. ಯಾರಿಗೂ ಹೇಳದ ಬಸ್ ಹತ್ತಿಬಿಟ್ಟಾನ."

"ನೀವು ನಡೀರಿ. ನಿಮ್ಮ ಹೆಂಡತಿ ಜೋಡಿ ಸ್ವಲ್ಪ ಮಾತಾಡೋದೈತಿ."

ಪರಶು ಹಿಂದೆಮುಂದೆ ನೋಡಿದ. ಸಿರುಗುಪ್ಪದಲ್ಲಿ ಕೆಲಸವಿದೆ, ಸಂಜೆಗೆ ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಹೊರಟ.

ಜೀಪಿನಲ್ಲಿ ಕೂತ ಶಶಿರೇಖಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು. "ನನ್ನ ಬಾಯಿಗೆ ಹುಳ ಬೀಳಲಿ ಮೇಡಂ. ಅಪ್ಪ ಬಳ್ಳಾರಿ ಸತ್ಯನಾರಾಯಣಪೇಟಿಯೊಳಗ ನಮ್ಮ ಜೋಡಿನ ಅದಾನ. ನಾನು ಬಡಿಸಿದ್ದು ಉಣ್ತಾನ. ಹಂಗಿದ್ದೂ ಅವಗ ಒಂದು ಮಾತು ಕೇಳದ ಕಂಟೋನ್ಮೆಂಟಿಗೆ, ಡಾಕ್ಟರ ಹತ್ರ ಹೋದೆ."

"ಡಾಕ್ಟರ ಮುಂದ ಏನೇನು ಹೇಳಿದ್ರಿ? ಒಂದೂ ಬಿಡಬ್ಯಾಡ್ರಿ."

"ನನ್ನ ಅವ್ವ ಉಚ್ಚೆಂಗೆಮ್ಮ ತೀರಿಹೋಗಿ ಬಾಳ ದಿನ ಆತು. ಒಮ್ಮೊಮ್ಮೆ ನನ್ನ ಆಕಿ ಹೆಸರು ಹಿಡಿದು ಕರೀತಾನ ಅಂದೆ. ದಿನಾ ಬರೋ ಹಾಲಿನವನಿಗೆ ನೀ ಯಾರಪ್ಪ ಅಂತ ಕೇಳಿದ ಅಂದೆ. ಅಷ್ಟರಿ. ಅಪ್ಪಗ ನಾ ಹೇಳಿದ್ದು ತಿಳಿಸಬ್ಯಾಡ್ರಿ ಅಂತ ಕೈ ಮುಗದೆ. ಮೊಳಕಾಲು ನೋವಿಗೆ ತೋರಸೋಣ ಅಂತ ಸುಳ್ಳು ಹೇಳಿ ಅವನ್ನ ಕರಕೊಂಡು ಹೋದೆ."

"ಅತ್ತಿದ್ದು?"

"ಅಳಲಿಲ್ಲರಿ. ಅಳಾಕ ಬರಲಿಲ್ಲ ನನಗ."

"ಬಸ್ಸಿನ್ಯಾಗ ಟಿಕೆಟ್ ಕೇಳಿದ್ದು?"

ಶಶಿರೇಖಾ ಈಗ ತಿರುಗಿದಳು. ಕಣ್ಣು ಕೆಂಪಗಿದ್ದವು. "ಅದು ನನಗ ಗೊತ್ತಾಗಿದ್ದ ಇವತ್ತು. ಆ ವಕೀಲನ ಬಾಯಿಂದ."

ವಿಜಯಲಕ್ಷ್ಮಿ ಗಾಡಿ ಶುರುಮಾಡಲು ಹೋದವಳು ಕೈ ತಡೆದಳು.

ಮಗಳು ಹೇಳಿದ್ದು ಎರಡು ಮಾತು. ಆ ಎರಡೂ ಕೋರ್ಟಿನಲ್ಲಿ ಬರಲಿಲ್ಲ. ಬಂದದ್ದು ಮಗಳಿಗೇ ಗೊತ್ತಿಲ್ಲದ ಮೂರನೆಯ ಮಾತು. ಹಾಗಾದರೆ ಗುಟ್ಟು ಸೋರಿದ್ದು ಶಶಿರೇಖಾಳ ಬಾಯಿಂದಲ್ಲ.

*

ಕಂಟೋನ್ಮೆಂಟಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ದಾದಾಪೀರ್ ಊಟಕ್ಕೆ ಕೂರುವವರಿದ್ದರು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

"ಗಾಳೆಪ್ಪನವರ ವಿಷಯ" ಎಂದಳು ವಿಜಯಲಕ್ಷ್ಮಿ. "ಅವರು ನಿಮ್ಮ ಹತ್ರ ಏನು ಹೇಳಿದ್ರು, ನೀವು ಯಾರಿಗೆ ಹೇಳಿದ್ರಿ?"

"ಮೊದಲನೇದಕ್ಕ ಉತ್ತರ ಕೊಡಂಗಿಲ್ಲ. ಎರಡನೇದಕ್ಕ ಕೊಡ್ತೀನಿ. ಯಾರಿಗೂ ಹೇಳಿಲ್ಲ."

"ಇದು ಕೊಲಿ ಕೇಸು ಡಾಕ್ಟ್ರ."

"ಕೋರ್ಟಿನಿಂದ ಆರ್ಡರ್ ತರ್ರಿ, ಜಡ್ಜ್ ಮುಂದ ನಿಂತು ಮಾತಾಡ್ತೀನಿ. ನಿಮ್ಮ ಖಾಕಿ ನೋಡಿ ಬಾಯಿಬಿಟ್ರ, ನಾಳೆ ಯಾವ ಮಗಳೂ ತನ್ನ ಅಪ್ಪನ ಚಿಂತಿ ಹೊತ್ಕೊಂಡು ನನ್ನ ಬಾಗಲಿಗೆ ಬರಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಶಶಿರೇಖಾಳ ಧ್ವನಿ ಸಣ್ಣಗಿತ್ತು. "ಸರ್, ಅಪ್ಪ ನನ್ನ ವಿಷಯ ಕೇಳಿದ್ನೇನ್ರಿ? ನಾನು ಬಂದಿದ್ದು ಅವಗ..."

ದಾದಾಪೀರ್ ಅವಳತ್ತ ತಿರುಗಿದರು. ಬೈಯುವ ಮುಖವಲ್ಲ ಅದು. "ನೀವು ಮೊದಲ ದಿನ ಬಂದಾಗ ನಾ ಏನಂದಿದ್ದೆ, ನೆನಪೈತೇನಮ್ಮ?"

"ಐತ್ರಿ. ನೀವು ಹೇಳೋದನ್ನ ಕೇಳಿಸ್ಕೋತೀನಿ. ಆದ್ರ ಅವರ ವಿಷಯ ಅವರ ಒಪ್ಪಿಗಿ ಇಲ್ದ ನಿಮಗ ಹೇಳಂಗಿಲ್ಲ ಅಂದಿದ್ರಿ."

"ಇವತ್ತೂ ಅದ."

"ಅವತ್ತು ಇನ್ನೊಂದು ಮಾತೂ ಅಂದಿದ್ರಿ" ಎಂದಳು ಶಶಿರೇಖಾ, ಇನ್ನೂ ತಲೆ ತಗ್ಗಿಸಿಯೇ. "'ನನ್ನ ಮುಂದ ಹೇಳೋ ಮೊದಲು ನಿಮ್ಮ ಅಪ್ಪನ ಜೋಡಿ ಮಾತಾಡ್ರಿ' ಅಂದಿದ್ರಿ. ನಾ ಮಾತಾಡಲಿಲ್ಲ."

ವಿಜಯಲಕ್ಷ್ಮಿ ಎದ್ದು ಹೊರಟಾಗ ಹಿಂದಿನಿಂದ ಡಾಕ್ಟರ ಮಾತು ಬಂತು.

"ಮೇಡಂ, ವಕೀಲರ ಮಾತು ಕೇಳಿದ್ರಿ, ಮಗಳನ್ನ ಕೇಳಿದ್ರಿ, ಈಗ ನನ್ನ ಕೇಳಾಕ ಹತ್ತೀರಿ. ಯಾರ ಮರವು ಅಂತ ಇಷ್ಟು ಮಂದಿ ಮಾತಾಡಾಕ ಹತ್ತೀರೋ, ಅವರನ್ನ ಯಾರರ ಕೇಳೀರೇನು?"

ವಿಜಯಲಕ್ಷ್ಮಿಯ ಕಿವಿ ಬಿಸಿಯಾಯಿತು.

ಜೀಪು ಹತ್ತುವಾಗ ಕೇಳಿದಳು, "ನಿಮ್ಮಪ್ಪಗ ಮನಸ್ಸಿಗೆ ನೋವಾದ್ರ ಎಲ್ಲಿಗೆ ಹೋಗ್ತಾರ?"

"ಕುರುಗೋಡಿಗೆ. ಅವನ ತಂಗಿ ಗಾದೆಮ್ಮತ್ತಿ ಮನಿಗೆ."

"ನಡೀರಿ. ಮನ್ಯಾಗ ಯಾರಿಗೂ ಫೋನ್ ಮಾಡಬ್ಯಾಡ್ರಿ."

*

ಕುರುಗೋಡಿನ ಬೆಟ್ಟದ ಬಂಡೆಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಗಾದೆಮ್ಮನ ಮನೆಯ ಮುಂದೆ ಒಣಹಾಕಿದ್ದ ಮೆಣಸಿನಕಾಯಿಯ ಘಾಟಿಗೆ ಜೀಪಿನಿಂದ ಇಳಿಯುವಾಗಲೇ ಕೆಮ್ಮು ಬಂತು.

ಗಾದೆಮ್ಮ ಅಣ್ಣನ ಮಗಳನ್ನು ನೋಡಿದ್ದೇ ಬಾಗಿಲಿಗೆ ಅಡ್ಡ ನಿಂತಳು. "ಬಂದ್ಯಾ? ಹತ್ತೂರಿಗೆ ಡಂಗುರ ಹೊಡದಾತಲ್ಲ, ಇನ್ನೇನು ಉಳದೈತಿ?"

"ಅತ್ತೀ..."

"ಬಿಡಬೇ, ಒಳಗ ಬರಲಿ" ಎಂಬ ದನಿ ಒಳಗಿನಿಂದ ಬಂತು.

ಗಾಳೆಪ್ಪ ಹಗ್ಗದ ಹೊರಸಿನ ಮೇಲೆ ಕೂತಿದ್ದ. ಮುಂದೆ ಒಗ್ಗರಣೆ ಮಂಡಕ್ಕಿ ಹಾಗೇ ಇತ್ತು. ಶಶಿರೇಖಾ ಗೋಡೆಗೆ ಆತು ನಿಂತಳು. ಅಪ್ಪನ ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ವಿಜಯಲಕ್ಷ್ಮಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆಯೇ ಕೂತಳು.

"ಯಜಮಾನ್ರ, ಬಸ್ಸಿನ ಮಾತು ನಿಮ್ಮ ಮಗಳಿಗೆ ಗೊತ್ತಿರಲಿಲ್ಲ. ಡಾಕ್ಟರು ಬಾಯಿ ಬಿಟ್ಟಿಲ್ಲ. ವಕೀಲ್ರಿಗೆ ಹೇಳಿದವರು ಯಾರು?"

"ನಾನ."

ಗಾದೆಮ್ಮ ಒಳಗೆ ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ನೀವ?"

"ನಾನ ಹೋಗಿ ಹೇಳಿದ್ದು. ನನ್ನ ತಲಿ ಸರಿ ಇಲ್ಲ, ನನ್ನ ಸಾಕ್ಷಿ ನಂಬಬ್ಯಾಡ್ರಿ ಅಂತ ಕೋರ್ಟಿನ್ಯಾಗ ಎಬ್ಬಿಸಿ ಕೇಳ್ರಿ ಅಂದೆ." ಗಾಳೆಪ್ಪ ಮಗಳ ಕಡೆ ತಿರುಗದೆ ಹೇಳಿದ. "ಶಶಿ ನನ್ನ ಮೊಳಕಾಲು ನೋವಿಗಂತ ಕರಕೊಂಡು ಹೋದ್ಲು. ಆ ಡಾಕ್ಟರು ಗಡಿಯಾರದ ಚಿತ್ರ ಬರೀರಿ ಅಂದ್ರು. ಮೊಳಕಾಲಿಗೂ ಗಡಿಯಾರಕ್ಕೂ ಏನವ್ವ ಸಂಬಂಧ? ಅದು ತಿಳೀಲಾರದಷ್ಟು ಮರವು ನನಗಿನ್ನೂ ಬಂದಿಲ್ಲ."

ಶಶಿರೇಖಾ ಗೋಡೆಗುಂಟ ಜಾರಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು.

"ಆಮ್ಯಾಲ ನಾನೊಬ್ಬನ ಹೋದೆ. ನನ್ನ ಮಗಳು ಏನು ಹೇಳ್ಯಾಳ ಅಂತ ಕೇಳಿದೆ. ಅದನ್ನ ಆಕಿನ್ನ ಕೇಳ್ರಿ ಅಂದ್ರು. ನನಗೇನಾಗೈತಿ ಅಂದೆ. ಅದನ್ನ ಬಿಡಿಸಿ ಹೇಳಿದ್ರು. ಬಸ್ಸಿನ ಮಾತು ಅವರ ಮುಂದ ಹೇಳ್ಕೊಂಡು ಅತ್ತೆ. ಅತ್ತಿದ್ದು ನಾನು, ಆಕಿ ಅಲ್ಲ. ವಕೀಲ್ರ ಮುಂದ ಬಾಯಿ ತಪ್ಪಿ ಮಗಳ ಹೆಸರು ಬಂತು. ಅದೊಂದು ಕೋರ್ಟಿಗೆ ತರಬ್ಯಾಡ್ರಿ ಅಂದಿದ್ದೆ. ತಂದುಬಿಟ್ರು. ಆಕಿ ಸೆರಗು ಮುಚ್ಕೊಂಡಿದ್ದು ನೋಡಿ ಕಟಕಟಿ ಬಿಟ್ಟು ಓಡಿಹೋಗೋಣ ಅನ್ನಿಸ್ತು."

"ಯಾಕ ಹಿಂಗ ಮಾಡಿದ್ರಿ?"

"ಎರ್ರಿಸ್ವಾಮಿ ನನ್ನ ಬಸ್ಸಿನ್ಯಾಗ ಸಾಲಿಗೆ ಹೋಗ್ತಿದ್ದ ಹುಡುಗ. ಜೈಲಿನಿಂದ ಅವನ್ನ ಕೋರ್ಟಿಗೆ ತಂದ ದಿನ, ವ್ಯಾನಿನ ಜಾಳಿಗಿಯೊಳಗಿಂದ ನನಗ ನಮಸ್ಕಾರ ಮಾಡಿದ. ಬೈಲಿಲ್ಲ. ನಮಸ್ಕಾರ ಮಾಡಿದ. ಅವತ್ತು ರಾತ್ರಿ ಕಣ್ಣು ಮುಚ್ಚಿ ಆ ಮಿಲ್ಲಿನ ಬಾಗಲ ನೆನಸ್ಕೊಂಡೆ. ಹಿಂದಿನ ಬಾಗಲ ತೆರೀತು. ಒಬ್ಬ ಬಂದ. ಕಾಲುವಿ ಕಡೆ ಹೋದ. ನಾ ನೋಡಿದ್ದು ಬೆನ್ನವ್ವ. ಬರೇ ಬೆನ್ನು. ಮುಖ ನಾ ನೋಡೇ ಇಲ್ಲ."

"ನನ್ನ ಮುಂದ ಹೇಳಿಕಿ ಕೊಡುವಾಗ ಎರ್ರಿಸ್ವಾಮಿ ಮುಖ ಕಂಡೆ ಅಂದ್ರಿ!"

"ಅವಾಗ ಕಂಡಿತ್ತು. ಆ ಬೆನ್ನಿಗೆ ಯಾರೋ ಅವನ ಮುಖ ತಂದು ಹಚ್ಚಿದ್ರು."

ವಿಜಯಲಕ್ಷ್ಮಿಯ ಬೆನ್ನು ನೆಟ್ಟಗಾಯಿತು. "ಯಾರು?"

"ದಿನಾ ಸಂಜಿ ಬಾಜು ಕುಂತು ಹೇಳೋರು. 'ಅವತ್ತು ಎರ್ರಿಸ್ವಾಮಿನ್ನ ನೋಡಿದ್ರಂತಲ್ಲ. ನೀವ ನನಗ ಹೇಳಿದ್ರಿ. ಮರತ್ರೇನು?' ನಾನು ಇಲ್ಲಪ್ಪ ಅನ್ನಾಂವ. 'ನಿಮಗ ಮರವು ಬಂದೈತಿ, ಜನಕ್ಕ ಗೊತ್ತಾದ್ರ ಮರ್ಯಾದಿ ಹೋಗ್ತೈತಿ, ನೆನಪು ಮಾಡ್ಕೋರಿ' ಅನ್ನೋರು. ಮರವಿನವನಿಗೆ ಒಂದ ಅಂಜಿಕಿ ಅವ್ವ, ಮರತಿದ್ದು ಗೊತ್ತಾಗಬಾರದು ಅಂತ. ಹೌದು ಹೌದು, ನೆನಪಾತು ಅಂದೆ. ಅನಕೋತ ಅನಕೋತ ಖರೇನ ನೆನಪಾತು. ಅವನ ಅಂಗಿ ಬಣ್ಣ ಸೈತ ಕಾಣಾಕ ಹತ್ತಿತು."

ವಿಜಯಲಕ್ಷ್ಮಿಗೆ ಆ ದಿನ ಕಣ್ಣ ಮುಂದೆ ಬಂತು. ಕೊಲೆಯಾಗಿ ವಾರ ಕಳೆದ ಮೇಲೆ, ಸಾಕ್ಷಿ ಇಲ್ಲದೆ ತಾನು ಮೇಲಿನವರಿಂದ ಬೈಸಿಕೊಳ್ಳುತ್ತಿದ್ದಾಗ, ಈ ಮುದುಕ ತಾನಾಗಿಯೇ ಠಾಣೆಗೆ ಬಂದಿದ್ದ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ತಾನು ಕೇಳಿರಲಿಲ್ಲ. ಕುರ್ಚಿ ಕೊಟ್ಟು, ಚಹಾ ತರಿಸಿ, ಬಾಯಿಂದ ಹೆಸರು ಬರುವುದನ್ನೇ ಕಾದಿದ್ದಳು. ಬಂದ ಕೂಡಲೇ ಖುಷಿಪಟ್ಟಿದ್ದಳು.

ಆ ಖುಷಿ ಈಗ ಎದೆಯಲ್ಲಿ ಕೆಂಡದಂತೆ ಸುಟ್ಟಿತು. ಮರದ ಕೆಳಗೆ ಕೂಸು ಹೊತ್ತು ನಿಂತವಳಿಗೆ ಏನು ಹೇಳುವುದು?

"ನಿಮ್ಮ ಬಾಜು ಕುಂತು ಹೇಳಿದವರ ಹೆಸರು ಹೇಳ್ರಿ."

ಅವರು ಬಂದ ಮೇಲೆ ಗಾಳೆಪ್ಪ ಮೊದಲ ಸಲ ಮಗಳ ಮುಖ ನೋಡಿದ. ಬಹಳ ಹೊತ್ತು ನೋಡಿದ.

"ನೆನಪಿಲ್ಲ."

"ಯಜಮಾನ್ರ!"

"ನನಗ ಮರವು ಐತೆವ್ವ. ಡಾಕ್ಟರ ಹೇಳ್ಯಾರ, ಕೋರ್ಟಿನ್ಯಾಗ ಒಪ್ಪಿಕೊಂಡೀನಿ. ಹಮಾಲ ಹುಡುಗನ್ನ ಬಿಟ್ಟುಬಿಡ್ರಿ. ಹೆಚ್ಚಿಗಿ ಕೇಳಬ್ಯಾಡ್ರಿ."

ವಿಜಯಲಕ್ಷ್ಮಿ ಮೆಲ್ಲಗೆ ಶಶಿರೇಖಾಳ ಕಡೆ ತಿರುಗಿದಳು. ರಂಗಣ್ಣ ಸಾಯುವ ಹೊತ್ತಿಗೆ ಈ ಮುದುಕನ ಮರೆವು ಊರಿಗೆ ಗೊತ್ತಿರಲಿಲ್ಲ. ಡಾಕ್ಟರಿಗೂ ಗೊತ್ತಿರಲಿಲ್ಲ. ಅವರ ಹತ್ತಿರ ಹೋಗಿದ್ದು ಅದಾಗಿ ಎಷ್ಟೋ ತಿಂಗಳ ಮೇಲೆ.

"ಶಶಿರೇಖಾ, ಡಾಕ್ಟರಿಗಿಂತ ಮೊದಲು ಇದನ್ನ ಯಾರ ಮುಂದ ಹೇಳಿದ್ರಿ?"

"ಸುಮ್ಮನಿರು ಶಶಿ" ಎಂದ ಗಾಳೆಪ್ಪ.

ಶಶಿರೇಖಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಒಬ್ಬರ ಮುಂದ."

"ಶಶಿ, ಬ್ಯಾಡವ್ವ. ನಿನ್ನ ಸಂಸಾರ..."

"ಇಲ್ಲಪ್ಪ. ನಿನ್ನ ಹಿಂದ ಮಾತಾಡಿ ನಿನಗ ಈ ಗತಿ ತಂದೆ. ಇದನ್ನರ ನಿನ್ನ ಮುಂದ ಹೇಳ್ತೀನಿ." ಅವಳು ಎದ್ದು ಬಂದು ಹೊರಸಿನ ಬುಡದಲ್ಲಿ, ಅಪ್ಪನ ಕಾಲ ಹತ್ತಿರ ಕೂತಳು. "ನಮ್ಮ ಮನಿಯವರ ಮುಂದ ಹೇಳಿದ್ದೆ ಮೇಡಂ. ಅಪ್ಪ ನನ್ನ ಅವ್ವನ ಹೆಸರು ಹಿಡಿದು ಕರದ ಮೊದಲ ದಿನಾನ ಹೇಳಿದ್ದೆ. ಅವರು ಯಾರಿಗೂ ಹೇಳಬ್ಯಾಡ, ನಾನು ನೋಡ್ಕೋತೀನಿ ಅಂದ್ರು. ದಿನಾ ಸಂಜಿ ಅಪ್ಪನ ಬಾಜು ಕುಂತು ಮಾತಾಡೋರು. ಎಂಥಾ ಒಳ್ಳೆ ಅಳಿಯ ಅಂತ ನಾನು ಅಡಿಗಿ ಮನ್ಯಾಗಿಂದ ನೋಡಿ ಕಣ್ಣು ಒರಸ್ಕೊಂಡೀನಿ."

ಗಾಳೆಪ್ಪನ ಕೈ ಮಗಳ ತಲೆಯ ಮೇಲೆ ಬಂದು ನಿಂತಿತು.

"ನನಗ ಕೇಳಿದ್ರ ಆಗತಿತ್ತಲ್ಲವ್ವ" ಎಂದ. "ಅಪ್ಪಾ, ನಿನಗ ಮರವು ಬರಾಕ ಹತ್ತೈತೇನು ಅಂತ. ನಾನು ಸಿಟ್ಟು ಮಾಡ್ತಿದ್ದೆ. ಎರಡು ದಿನ ಉಣ್ತಿದ್ದಿಲ್ಲ. ಮೂರನೇ ದಿನ ಹೌದು ಅಂತಿದ್ದೆ."

ಪರಶುವೇ ಅಂದು ಠಾಣೆಯ ಬಾಗಿಲಲ್ಲಿ ಬೈಕ್ ನಿಲ್ಲಿಸಿಕೊಂಡು ಮಾವನಿಗಾಗಿ ಕಾದಿದ್ದು ವಿಜಯಲಕ್ಷ್ಮಿಗೆ ಈಗ ನೆನಪಾಯಿತು. ಮಿಲ್ಲಿನಲ್ಲಿ ಕಂಡ ಆ ಬೆನ್ನು ಅವನದೇ ಏನು ಎಂದು ಕೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಗಾಳೆಪ್ಪನ ಅಂಗಿ ಜೇಬಿನಲ್ಲಿದ್ದ ಬಟನ್ ಫೋನ್ ಹೊಡೆದುಕೊಂಡಿತು. ಕಿವಿ ಮಂದವೆಂದು ಅವನು ಸದ್ದು ಪೂರ್ತಿ ಏರಿಸಿಟ್ಟಿದ್ದ. ಮನೆಯೆಲ್ಲ ತುಂಬಿತು.

ಶಶಿರೇಖಾ ಫೋನಿನಲ್ಲಿ ಮೂಡಿದ ಹೆಸರು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ವಿಜಯಲಕ್ಷ್ಮಿ ಬೇಡವೆಂದು ಕೈಸನ್ನೆ ಮಾಡುವ ಮೊದಲೇ ಗಾಳೆಪ್ಪ ಬಟನ್ ಒತ್ತಿದ್ದ. ಬಸ್ಸಿನ ಗದ್ದಲದಲ್ಲಿ ಮಾತಾಡಿ ಪಳಗಿದ ಅವನ ದನಿ ಒಂದಿಷ್ಟೂ ನಡುಗಲಿಲ್ಲ.

"ಹೇಳಪ್ಪ ಪರಶು."

"ಮಾವ, ಎಲ್ಲಿ ಹೋಗಿ ಕುಂತೀರೋ ಅಂತ ಹುಡುಕಾಕ ಹತ್ತೀನಿ. ಯಾರರ ಬಂದಿದ್ರೇನು? ಏನರ ಕೇಳಿದ್ರೇನು?"

"ಕೇಳಿದ್ರ ನಾನೇನು ಹೇಳಲಿ? ನನಗ ಒಂದೂ ನೆನಪಿಲ್ಲಪ್ಪ. ಆ ಮಿಲ್ಲಿನ ಬಾಗಲದಾಗ ಯಾರನ್ನ ನೋಡಿದ್ದೆ, ಅದೂ ಹಾರಿಹೋಗೈತಿ. ನೀನ ಬಂದು ಇನ್ನೊಮ್ಮೆ ನೆನಪು ಮಾಡಿಕೊಡು, ಬಾ. ನಿನ್ನ ಬಾಯಿಂದ ಕೇಳಿದ್ರ ಎಲ್ಲಾ ನೆನಪಾಗ್ತೈತಿ."

ಇಡೀ ಬಳ್ಳಾರಿ ಇವನನ್ನು ಬುದ್ಧಿ ಕೆಟ್ಟವನೆಂದು ತಿಳಿದ ದಿನವೇ, ಈ ಮುದುಕ ತನ್ನ ಮರೆವನ್ನೇ ಬಲೆಯಾಗಿ ಬೀಸಿದ್ದ.

ಎಲ್ಲೋ ಬೈಕಿನ ಎಂಜಿನ್ ಆರಿಸಿದ ಸದ್ದು. ಫೋನಿನಲ್ಲಿ ಕೇಳಿತೋ, ಹೊರಗೆ ಓಣಿಯಲ್ಲಿ ಕೇಳಿತೋ ತಿಳಿಯಲಿಲ್ಲ.

"ಒಬ್ಬರ ಅದೀರೇನು ಮಾವ?"

"ಒಬ್ಬನ ಅದೀನಿ."

"ಹಂಗಾರ..." ಪರಶುವಿನ ದನಿ ಮೆತ್ತಗಾಯಿತು. ದಿನಾ ಸಂಜೆ ಬಾಜು ಕೂತು ಮಾತಾಡುವಾಗ ಹೀಗೇ ಇರುತ್ತಿತ್ತೇನೋ. "ಗಾದೆಮ್ಮತ್ತಿ ಬಾಗಲ ಮುಂದ ಪೊಲೀಸ್ ಜೀಪ್ ಯಾಕ ನಿಂತೈತಿ ಮಾವ?"